ಬಾಲದಿಂದ ಓದುವ ಕ್ರಿಯಾಪದ: ಡೆನಾಯಿನಾ ಭಾಷೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಲಾಸ್ಕಾದ ಒಂದು ಭಾಷೆಯ ಕ್ರಿಯಾಪದ ಬಿಡಿಸುತ್ತಾ ಕೂತಿದ್ದೇನೆ ಅಂದರೆ ಗೆಳೆಯರಿಗೆ ಮೊದಲು ನಗು ಬರುತ್ತದೆ. ಆಮೇಲೆ ಪ್ರಶ್ನೆಗಳು ಬರುತ್ತವೆ. ಜಾಸ್ತಿ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ವ್ಯಾಕರಣ ಅಂದ ಕೂಡಲೇ ಶಾಲೆಯ ಸಂಧಿ, ಸಮಾಸ ನೆನಪಾಗಿ ಎದ್ದು ಹೋಗಬೇಡಿ. ಮೂರೇ ಮೂರು ಪದ ಗಟ್ಟಿಯಾಗಿ ಹಿಡಿದುಕೊಂಡರೆ ಸಾಕು.

ಡೆನಾಯಿನಾ ಅಂದರೆ ಯಾರು? ಎಲ್ಲಿಯವರು?

ಅಲಾಸ್ಕಾದ ದಕ್ಷಿಣದಲ್ಲಿ ಸಮುದ್ರ ಉದ್ದಕ್ಕೆ ಒಳನಾಡಿಗೆ ನುಗ್ಗಿರುವ ಒಂದು ಜಾಗ ಇದೆ. ಭೂಪಟದಲ್ಲಿ ಅದರ ಹೆಸರು ಕುಕ್ ಇನ್ಲೆಟ್. ಕ್ಯಾಪ್ಟನ್ ಕುಕ್ 1778ರಲ್ಲಿ ಅಲ್ಲಿಗೆ ಬಂದು ಹೋದ, ಹೆಸರು ಉಳಿದುಕೊಂಡಿತು. ಅವನಿಗಿಂತ ಎಷ್ಟೋ ಮೊದಲಿನಿಂದ ಅಲ್ಲಿದ್ದವರು ಡೆನಾಯಿನಾ ಜನ. ಅವರು ಅದನ್ನು ಕರೆಯುವುದು ತಿಕಾಹ್ತ್ನು ಅಂತ. ಅಲಾಸ್ಕಾದ ಅತಿ ದೊಡ್ಡ ಊರಾದ ಆಂಕರೇಜ್ ನಿಂತಿರುವುದು ಇವರ ನೆಲದ ಮೇಲೆ. ‘ಡೆನಾ’ ಅಂದರೆ ಮನುಷ್ಯ, ಜನ. ಕೊನೆಯ ತುಣುಕು ಬಹುವಚನ. ಅಂದರೆ ಹೆಸರಿನ ಅರ್ಥ ‘ಜನರು’ ಅಂತಲೇ.

ಭಾಷೆ ಅಥಾಬಾಸ್ಕನ್ ಕುಟುಂಬದ್ದು. ಈಗ ಈ ಕುಟುಂಬವನ್ನು ಡೆನೆ ಅಂತಲೂ ಕರೆಯುತ್ತಾರೆ. ಸಾವಿರಾರು ಕಿಲೋಮೀಟರ್ ದೂರದ ಅರಿಜೋನಾದ ಮರುಭೂಮಿಯಲ್ಲಿ ಮಾತಾಡುವ ನವಾಹೋ ಕೂಡ ಇದೇ ಮನೆಯ ಭಾಷೆ. ಕೆಲವು ಕಡೆ ಉದಾಹರಣೆಗೆ ನವಾಹೋ ಪದಗಳನ್ನೂ ತರುತ್ತೇನೆ. ತಂಗಿಯ ಮುಖ ಅಕ್ಕನ ಮುಖದಲ್ಲಿ ಕಾಣುವ ಹಾಗೆ ಇಲ್ಲಿಯ ಕಟ್ಟೋಣ ಅಲ್ಲೂ ಕಾಣುತ್ತದೆ.

ಕನ್ನಡ ಲಿಪಿಯಲ್ಲಿ ಬರೆದದ್ದನ್ನು ಹೇಗೆ ಓದುವುದು?

ಸ್ವರಗಳು ಸುಲಭ, ನಾಲ್ಕೇ: ಆ, ಎ, ಇ, ಉ. ಕಷ್ಟ ಇರುವುದು ವ್ಯಂಜನಗಳಲ್ಲಿ. ನಾನು ‘ಹ್ಲ್’ ಅಂತ ಬರೆದ ಕಡೆ ನಾಲಿಗೆಯನ್ನು ‘ಲ’ಕ್ಕೆ ಇಟ್ಟು, ಧ್ವನಿ ಹೊರಡಿಸದೆ ಬರೀ ಉಸಿರು ಊದಿ. ‘ಘ್’ ಅಂತ ಬರೆದದ್ದು ನಮ್ಮ ಘಂಟೆಯ ಘ ಅಲ್ಲ, ಗಂಟಲಿನ ಒಳಗಡೆ ಉಜ್ಜಿದ ಹಾಗೆ ಬರುವ ಸದ್ದು. ಓದುವಾಗ ತಪ್ಪಾದರೂ ಪರವಾಗಿಲ್ಲ. ಈ ಪುಟಕ್ಕೆ ಬೇಕಾದದ್ದು ತುಣುಕುಗಳ ಜಾಗ, ಉಚ್ಚಾರ ಅಲ್ಲ.

ಸುಮ್ನೆ ಒಂದು ಪದ ತೋರಿಸಿ, ಆಮೇಲೆ ಮಾತಾಡೋಣ.

ತೋರಿಸುತ್ತೇನೆ. ಆಂಕರೇಜ್ ಕಡೆ ಬಂದವರನ್ನು ಸ್ವಾಗತಿಸುವಾಗ ಹೇಳುವ ಮಾತು:

ಚಿನ್‌ಆನ್ ಗು ನಿನ್ಯು.

‘ಚಿನ್‌ಆನ್’ ಅಂದರೆ ಥ್ಯಾಂಕ್ಸ್. ‘ಗು’ ಅಂದರೆ ಇಲ್ಲಿ. ‘ನಿನ್ಯು’ ಅಂದರೆ ನೀನು ಬಂದೆ. ಇಲ್ಲಿಗೆ ಬಂದದ್ದಕ್ಕೆ ಥ್ಯಾಂಕ್ಸ್ ಅಂತ.

ಈಗ ‘ನಿನ್ಯು’ವನ್ನು ಬಿಡಿಸಿ. ಕೊನೆಯ ‘ಯು’ ಧಾತು: ಒಬ್ಬರು ಕಾಲಿನಲ್ಲಿ ನಡೆದು ಹೋದದ್ದು, ಬಂದದ್ದು. ಅದರ ಎಡಕ್ಕೆ ‘ಇನ್’, ಅಂದರೆ ನೀನು. ಇನ್ನೂ ಎಡಕ್ಕೆ ‘ನ್’, ಅಂದರೆ ಹೊರಟ ನಡಿಗೆ ಬಂದು ಮುಟ್ಟಿತು. ತಲುಪಿತು + ನೀನು + ನಡೆ. ಹೋದದ್ದೋ ಬಂದದ್ದೋ ಅನ್ನುವುದು ಧಾತುವಿನಲ್ಲಿ ಇಲ್ಲ, ಎಡಗಡೆಯ ತುಣುಕಿನಲ್ಲಿ ಇದೆ. ನಮಗೆ ‘ಹೋಗು’, ‘ಬಾ’ ಬೇರೆ ಬೇರೆ ಪದ. ಅವರಿಗೆ ನಡಿಗೆ ಒಂದೇ, ದಾರಿ ಬೇರೆ.

ನವಾಹೋದಲ್ಲಿ ಇದೇ ಧಾತು ‘ಯಾ’. ‘ಚಿನಿಯಾ’ ಅಂದರೆ ಹೊರಗೆ ಹೋದ. ‘ಯಾಹ್ ಈಯಾ’ ಅಂದರೆ ಒಳಗೆ ಹೋದ. ‘ಹಾಯಾ’ ಅಂದರೆ ಹತ್ತಿ ಮೇಲೆ ಬಂದ. ಬಾಲ ಅದೇ, ತಲೆ ಮಾತ್ರ ಬದಲು.

ಕನ್ನಡದಲ್ಲೂ ಹೀಗೇ ಅಲ್ವಾ? ‘ಬಂದೆ’ ಅಂದರೆ ಪೂರ್ತಿ ವಾಕ್ಯವೇ ಅಲ್ವಾ?

ಹೌದು, ಆ ಮಟ್ಟಿಗೆ ನಮಗೆ ಇದು ಹೊಸದಲ್ಲ. ಯಾರು ಅನ್ನುವುದು ಕ್ರಿಯಾಪದದ ಒಳಗೇ ಕೂತಿರುತ್ತದೆ. ಆದರೆ ನಾವು ಧಾತುವನ್ನು ಮೊದಲು ಇಟ್ಟು ಹಿಂದೆ ಬಾಲ ಕಟ್ಟುತ್ತಾ ಹೋಗುತ್ತೇವೆ: ಬರು, ಬರಲು, ಬರಲಾರೆನು. ಅವರು ಧಾತುವನ್ನು ಕೊನೆಗೆ ಇಟ್ಟು ಅದರ ಮುಂದೆ ಸಾಲು ನಿಲ್ಲಿಸುತ್ತಾರೆ. ಕನ್ನಡ ಪದವನ್ನು ಕನ್ನಡಿಯಲ್ಲಿ ನೋಡಿದ ಹಾಗೆ.

ಒಂದು ವಿಷಯದಲ್ಲಿ ಅವರೇ ಗೆದ್ದರು. ‘ಬಂದೆ’ ಅಂದರೆ ನಾನು ಬಂದೆನೋ, ನೀನು ಬಂದೆಯೋ? ಬರೀ ಪದ ನೋಡಿ ಹೇಳೋಕಾಗಲ್ಲ. ‘ನಿನ್ಯು’ವಿನಲ್ಲಿ ಆ ಗೊಂದಲ ಇಲ್ಲ.

‘ಇನ್’ ಅಂದರೆ ನೀನು. ಕನ್ನಡದ ‘ನೀ’, ‘ನಿನ್ನ’ ಥರಾನೇ ಇದೆಯಲ್ಲ! ಸಂಬಂಧ ಇದೆಯಾ?

ಇಲ್ಲ. ಸಣ್ಣ ಸರ್ವನಾಮಗಳು ಹೀಗೆ ಒಂದಕ್ಕೊಂದು ಹೋಲುವುದು ಪ್ರಪಂಚದ ಎಷ್ಟೋ ಭಾಷೆಗಳಲ್ಲಿ ಆಗುತ್ತದೆ. ನೆನಪಿಟ್ಟುಕೊಳ್ಳಲು ಅನುಕೂಲ ಆಯಿತು ಅಂದುಕೊಳ್ಳಿ. ಇದನ್ನು ಹಿಡಿದು ಥಿಯರಿ ಕಟ್ಟಿ ವಾಟ್ಸಾಪ್‌ನಲ್ಲಿ ಹಂಚಬೇಡಿ.

ಇನ್ನೂ ಉದ್ದದ ಪದ ಇದೆ ಅಂತ ಕೇಳಿದ್ದೇನೆ. ಒಂದನ್ನು ಪೂರ್ತಿ ಬಿಡಿಸಿ ತೋರಿಸುತ್ತೀರಾ?

ನನಗೆ ತುಂಬಾ ಇಷ್ಟದ ಪದ ಇದು: ನುನ್-ತ್ನ್-ಘೆಲ್-ಇಹ್ಲ್. ಗೆರೆಗಳು ಓದಲು ಅನುಕೂಲ ಆಗಲಿ ಅಂತ ನಾನು ಹಾಕಿದ್ದು. ಅವರಿಗೆ ಇದು ಒಂದೇ ಪದ. ಅರ್ಥ: ನಿನ್ನನ್ನು ಮತ್ತೆ ನೋಡುತ್ತೇನೆ.

ಬಾಲದಿಂದ ಬನ್ನಿ. ‘ಇಹ್ಲ್’ ಧಾತು, ನೋಡುವುದು. ಬರೀ ನೋಡುವುದಲ್ಲ, ಮುಂದೆ ನೋಡಲಿರುವುದು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಅದರ ಎಡಕ್ಕೆ ‘ಎಲ್’. ಇದರಲ್ಲಿ ಎರಡು ತುಣುಕು ಕರಗಿವೆ. ಒಂದು ‘ನಾನು’, ಇನ್ನೊಂದು ಧಾತುವಿಗೆ ಅಂಟಿಕೊಂಡ ‘ಲ್’. ‘ನಾನು’ ಅನ್ನುವ ತುಣುಕಿನ ವ್ಯಂಜನ ‘ಲ್’ಗೆ ತಾಗಿದ ಕೂಡಲೇ ಮಾಯ. ಸಕ್ಕರೆ ಕಾಫಿಯಲ್ಲಿ ಕರಗಿದ ಹಾಗೆ: ಕಾಣುವುದಿಲ್ಲ, ಆದರೆ ಇದೆ.

ಅದರ ಎಡಕ್ಕೆ ‘ಘ್’, ಕೆಲಸ ಸಾಗುತ್ತಾ ಇದೆ ಅನ್ನುವ ಗುರುತು. ಅದಕ್ಕೂ ಎಡಕ್ಕೆ ‘ನ್’. ಇದು ‘ನೋಡು’ ಅನ್ನುವ ಕ್ರಿಯೆಯದ್ದೇ ಆಸ್ತಿ. ಬಿಡಿಯಾಗಿ ಅದಕ್ಕೆ ಅರ್ಥ ಹುಡುಕಿದರೆ ಸಿಗುವುದಿಲ್ಲ. ಅದರ ಎಡಕ್ಕೆ ‘ತ್’, ಕೆಲಸ ಶುರುವಾಯಿತು ಅನ್ನುವ ಗುರುತು. ಮತ್ತೆ ಎಡಕ್ಕೆ ಇನ್ನೊಂದು ‘ನ್’. ಇದು ‘ನಿನ್ನನ್ನು’. ಕೊನೆಗೆ, ಅಂದರೆ ಪದದ ತಲೆಯಲ್ಲಿ, ‘ನು’: ಮತ್ತೆ, ತಿರುಗಿ.

ಒಂದೇ ಪದದಲ್ಲಿ ಎರಡು ‘ನ್’, ಎರಡಕ್ಕೂ ಬೇರೆ ಕೆಲಸ. ಯಾವುದು ಯಾವ ‘ನ್’ ಅನ್ನುವುದು ಸದ್ದಿನಿಂದ ಗೊತ್ತಾಗುವುದಿಲ್ಲ. ಅದು ಕೂತ ಜಾಗದಿಂದ ಗೊತ್ತಾಗುತ್ತದೆ. ಇದು ಮನಸ್ಸಿಗೆ ಇಳಿದ ದಿನ ನನಗೆ ಈ ಭಾಷೆಯ ಅರ್ಧ ಹೆದರಿಕೆ ಹೋಯಿತು.

ನಮ್ಮಲ್ಲಿ ಹೊರಡುವಾಗ ‘ಹೋಗ್ತೀನಿ’ ಅಂದರೆ ಅಜ್ಜಿ ಗದರುತ್ತಿದ್ದರು, ‘ಹೋಗಿ ಬರ್ತೀನಿ’ ಅನ್ನಬೇಕು ಅಂತ. ಆ ‘ಬರ್ತೀನಿ’ ಮಾಡುವ ಕೆಲಸವನ್ನು ಇಲ್ಲಿ ಪದದ ಶುರುವಿನ ಪುಟ್ಟ ‘ನು’ ಮಾಡುತ್ತದೆ.

‘ಶುರುವಾಯಿತು’, ‘ಸಾಗುತ್ತಿದೆ’ ಅಂದಿರಿ. ಆದರೆ ಅರ್ಥದಲ್ಲಿ ‘ನೋಡುತ್ತೇನೆ’ ಅಂತ ಭವಿಷ್ಯ ಬಂತು. ಹೇಗೆ?

ಡೆನೆ ಭಾಷೆಗಳಲ್ಲಿ ಭವಿಷ್ಯ ಹುಟ್ಟಿದ್ದೇ ಹಾಗೆ. ‘ಶುರು’ ಅನ್ನುವ ತುಣುಕು, ‘ಸಾಗುತ್ತಿದೆ’ ಅನ್ನುವ ತುಣುಕು, ಎರಡನ್ನೂ ಸೇರಿಸಿದರೆ ‘ಆಗಲಿದೆ’ ಅಂತ ಅರ್ಥ. ಬಂಡಿ ಹೊರಟಿದೆ, ದಾರಿಯಲ್ಲಿದೆ, ಅಂದ ಮೇಲೆ ಊರು ಮುಟ್ಟೀತು. ನಾವು ‘ನಾಳೆ ಬರ್ತೀನಿ’ ಅಂತ ವರ್ತಮಾನದಲ್ಲೇ ಭವಿಷ್ಯ ದಾಟಿಸಿಬಿಡುತ್ತೇವೆ. ಅವರದ್ದು ಸ್ವಲ್ಪ ಹೆಚ್ಚು ಶ್ರಮದ ದಾರಿ.

ಇದೇ ಜೋಡಿ ಬೇರೆ ಪದದಲ್ಲೂ ಕಾಣುತ್ತದಾ?

ಕಾಣುತ್ತದೆ. ಇದೇ ಮೂರನೆಯ ಪದ. ಕಥೆ ಹೇಳುವವರು ಹೇಳುವ ಮಾತು:

ಸುಕ್ದು ನೆಹ್ಲ್ ನುಹ್ತ್‌ಘೆಲ್‌ನೆಕ್.

‘ಸುಕ್ದು’ ಅಂದರೆ ಕಥೆ, ಹಿಂದಿನಿಂದ ಬಂದ ಕಥೆ. ಪೂರ್ತಿ ಅರ್ಥ: ನಿನಗೊಂದು ಕಥೆ ಹೇಳುತ್ತೇನೆ. ಕೊನೆಯ ‘ನೆಕ್’ ಧಾತು, ಹೇಳುವುದು. ಈಗ ಅದರ ಎಡಕ್ಕೆ ನೋಡಿ: ‘ಘೆಲ್’. ಅದರ ಎಡಕ್ಕೆ ‘ತ್’. ಹಿಂದಿನ ಪದದಲ್ಲಿ ಕಂಡದ್ದೇ! ಶುರು, ಸಾಗು, ನಾನು. ಅಲ್ಲಿ ‘ತ್’ಗೂ ‘ಘೆಲ್’ಗೂ ನಡುವೆ ಒಂದು ‘ನ್’ ನುಗ್ಗಿತ್ತು, ಇಲ್ಲಿ ಎರಡೂ ಅಕ್ಕಪಕ್ಕ. ಎರಡು ಪದಗಳನ್ನು ಒಂದರ ಕೆಳಗೊಂದು ಬರೆದು ‘ತ್’ ಮತ್ತು ‘ಘೆಲ್’ ಸುತ್ತ ಪೆನ್ಸಿಲ್‌ನಲ್ಲಿ ಗುಂಡು ಸುತ್ತಿ ನೋಡಿ. ಇಷ್ಟು ಹೊತ್ತು ನಾನು ವಿವರಿಸಿದ್ದಕ್ಕಿಂತ ಬೇಗ ತಿಳಿಯುತ್ತದೆ.

ನಡುವಿನ ‘ನೆಹ್ಲ್’ ಕೂಡ ಚೆನ್ನಾಗಿದೆ. ‘ನ್’ ಅಂದರೆ ನೀನು, ‘ಎಹ್ಲ್’ ಅಂದರೆ ಜೊತೆ. ನಿನ್ನ ಜೊತೆ. ನಮ್ಮ ಹಾಗೇ ‘ಜೊತೆ’ ಅನ್ನುವುದು ಹಿಂದೆ ಬರುತ್ತದೆ. ವಾಕ್ಯದ ಕ್ರಮವೂ ನಮ್ಮದೇ: ಕಥೆ, ನಿನ್ನ ಜೊತೆ, ಹೇಳುತ್ತೇನೆ. ನವಾಹೋದಲ್ಲಿ ‘ನಿಹ್ಲ್ ಹಶ್ನೆ’ ಅಂದರೆ ನಿನಗೆ ಹೇಳುತ್ತಿದ್ದೇನೆ, ಅಲ್ಲೂ ‘ನಿನ್ನ ಜೊತೆ’ಯೇ. ನಾವು ‘ನಿನ್ನ ಹತ್ರ ಒಂದು ವಿಷಯ ಹೇಳ್ಬೇಕು’ ಅನ್ನುತ್ತೇವಲ್ಲ, ಹೆಚ್ಚು ಕಡಿಮೆ ಹಾಗೆ.

ತುಣುಕುಗಳನ್ನು ಹೇಗೆ ಬೇಕಾದರೂ ಜೋಡಿಸಬಹುದಾ?

ಆಗಲ್ಲ. ರಿಸರ್ವೇಶನ್ ಮಾಡಿದ ಬಸ್ಸು ಇದ್ದ ಹಾಗೆ. ಪ್ರತಿ ತುಣುಕಿಗೂ ಸೀಟು ನಂಬರ್ ಇದೆ. ಯಾರೂ ಬರದಿದ್ದರೆ ಸೀಟು ಖಾಲಿ ಹೋಗುತ್ತದೆಯೇ ಹೊರತು ಪಕ್ಕದವರು ಸರಿದು ಕೂರುವಂತಿಲ್ಲ. ಭಾಷಾ ಪಂಡಿತರು ಒಂದು ಡಜನ್‌ಗಿಂತ ಜಾಸ್ತಿ ಸೀಟುಗಳ ಚಾರ್ಟ್ ಹಾಕುತ್ತಾರೆ.

ಒಟ್ಟಾರೆ ಎರಡು ವಲಯ. ಹೊರ ವಲಯದಲ್ಲಿ, ಅಂದರೆ ತೀರಾ ಎಡಕ್ಕೆ, ದಿಕ್ಕು ಹೇಳುವವು: ಒಳಗೆ, ಹೊರಗೆ, ಮೇಲೆ, ನೀರಿಗೆ, ಮತ್ತೆ. ಇವು ಸ್ವಲ್ಪ ಬಿಡಿಬಿಡಿ, ಗುರುತು ಹಿಡಿಯುವುದು ಸುಲಭ. ಒಳ ವಲಯದಲ್ಲಿ ಯಾರನ್ನು, ಎಂಥ ವಸ್ತು, ಶುರುವೋ ಮುಗಿಯಿತೋ, ಯಾರು ಅನ್ನುವವು. ಇವು ಒಂದೊಂದೇ ವ್ಯಂಜನ. ಸಂತೆ ದಿನದ ಬಸ್ಸಿನ ಹಾಗೆ ಒತ್ತಿಕೊಂಡು ಒಂದರೊಳಗೊಂದು ಸೇರಿಹೋಗುತ್ತವೆ. ‘ಎಲ್’ ಆದದ್ದು ಹೀಗೆ. ಪುಸ್ತಕಗಳು ಈ ಪದಗಳನ್ನು ಮಣಿ ಪೋಣಿಸಿದ ಸರ ಅನ್ನುತ್ತವೆ. ಅದು ಹೊರ ವಲಯಕ್ಕೆ ಮಾತ್ರ ಸರಿ. ಒಳಗಿನದ್ದು ನಾದಿದ ಹಿಟ್ಟು.

ಕಲಿಯುವವರಿಗೆ ನಿಜವಾದ ತಲೆನೋವು ಇನ್ನೊಂದು ಕಡೆ ಇದೆ. ‘ನೋಡು’ ಅನ್ನುವ ಅರ್ಥಕ್ಕೆ ಧಾತುವೂ ಬೇಕು, ದೂರದಲ್ಲಿ ಕೂತ ಆ ಅರ್ಥವಿಲ್ಲದ ‘ನ್’ ಕೂಡ ಬೇಕು. ಎರಡರ ನಡುವೆ ‘ಸಾಗುತ್ತಿದೆ’, ‘ನಾನು’ ಬಂದು ಕೂರುತ್ತವೆ. ‘ಅವನು ಕೈ ಕೊಟ್ಟ’ ಅಂದಾಗ ಮೋಸದ ಅರ್ಥ ‘ಕೈ’ಯಲ್ಲೂ ಇಲ್ಲ, ‘ಕೊಟ್ಟ’ದಲ್ಲೂ ಇಲ್ಲ, ಎರಡೂ ಸೇರಿದಾಗ ಮಾತ್ರ ಇದೆ. ಡೆನಾಯಿನಾದಲ್ಲಿ ಇಂಥ ಜೋಡಿಗಳೇ ಜಾಸ್ತಿ, ಅವೂ ಒಂದೇ ಪದದ ಒಳಗೆ ದೂರ ದೂರ.

ಧಾತುವಿಗೆ ಅಂಟಿಕೊಂಡ ಆ ‘ಲ್’ ಏನು?

ಧಾತುವಿನ ಪಕ್ಕದ ಸೀಟಿನಲ್ಲಿ ನಾಲ್ಕರಲ್ಲಿ ಒಂದು ಕೂರುತ್ತದೆ: ಏನೂ ಇಲ್ಲ, ಹ್ಲ್, ದ್, ಲ್. ಹಳೆಯ ಪುಸ್ತಕಗಳು ಇದನ್ನು ‘ಕ್ಲಾಸಿಫೈಯರ್’, ಅಂದರೆ ವಿಂಗಡಿಸುವಂಥದ್ದು ಅಂತ ಕರೆದವು, ಇವತ್ತಿಗೂ ಆ ಹೆಸರೇ ಇದೆ. ಆದರೆ ಇದು ಯಾವುದನ್ನೂ ವಿಂಗಡಿಸುವುದಿಲ್ಲ! ಹೆಸರಿಟ್ಟವರು ಎಡವಿದರು, ನಾವು ಅನುಭವಿಸುತ್ತಿದ್ದೇವೆ.

ಇದು ಮಾಡುವ ಒಂದು ಕೆಲಸ ನಮಗೆ ಚೆನ್ನಾಗಿ ಗೊತ್ತು. ನವಾಹೋದಲ್ಲಿ ‘ಯಿಬೇಝ್’ ಅಂದರೆ ಕುದಿಯುತ್ತಿದೆ. ‘ಯಿಹ್ಲ್‌ಬೇಝ್’ ಅಂದರೆ ಅವಳು ಕುದಿಸುತ್ತಿದ್ದಾಳೆ. ಕುದಿ, ಕುದಿಸು. ನಮ್ಮ ‘ಇಸು’ ಮಾಡುವ ಕೆಲಸವನ್ನು ಅಲ್ಲಿ ಒಂದು ಊದಿದ ‘ಹ್ಲ್’ ಮಾಡುತ್ತದೆ. ‘ದ್’ ಮತ್ತು ‘ಲ್’ ಬಂದರೆ ತನಗೆ ತಾನೇ, ಮಾಡಲ್ಪಟ್ಟಿತು, ಮತ್ತೆ ಆಯಿತು ಇಂಥ ಛಾಯೆಗಳು. ಆದರೆ ಎಷ್ಟೋ ಕಡೆ ಕಾರಣ ಕೇಳಿ ಉಪಯೋಗ ಇಲ್ಲ, ಧಾತುವಿನ ಜೊತೆಗೇ ಬಾಯಿಪಾಠ ಮಾಡಬೇಕು.

‘ಕೊಡು’ ಅನ್ನಲು ಹತ್ತು ಪದ ಇದೆಯಂತೆ, ನಿಜವಾ?

ನಿಜ. ಈ ಕುಟುಂಬದ ಅತಿ ಚಂದದ ಗುಣ ಇದು. ಒಂದು ವಸ್ತುವನ್ನು ಎತ್ತುವುದು, ಕೊಡುವುದು, ಇಡುವುದು, ಅದು ಸುಮ್ಮನೆ ಬಿದ್ದಿರುವುದು, ಇದಕ್ಕೆಲ್ಲ ಧಾತು ಆರಿಸುವುದು ವಸ್ತುವಿನ ಆಕಾರ ನೋಡಿ. ಉಂಡೆಯಾಗಿದೆಯಾ, ಕೋಲಿನ ಹಾಗಿದೆಯಾ, ಬಟ್ಟೆಯ ಹಾಗೆ ಮಡಚುತ್ತದಾ, ಪಾತ್ರೆಯಲ್ಲಿದೆಯಾ, ಜೀವ ಇದೆಯಾ. ಡೆನಾಯಿನಾ, ನವಾಹೋ ಎರಡರಲ್ಲೂ ಇದೇ ಲೆಕ್ಕ.

ನವಾಹೋದಲ್ಲಿ ಸೇಬು ಕೊಡು ಅನ್ನಲು ‘ಶಾ ನಿಆಹ್’. ಕೋಲು ಅಥವಾ ಪೆನ್ಸಿಲ್ ಆದರೆ ‘ಶಾ ನಿತೀಹ್’. ಹಾಳೆ ಆದರೆ ‘ಶಾ ನಿಹ್ಲ್‌ತ್ಸೋಸ್’. ಲೋಟದಲ್ಲಿ ನೀರು ಆದರೆ ‘ಶಾ ನಿಕಾಹ್’. ‘ಶಾ’ ಅಂದರೆ ನನಗೆ. ವಸ್ತುವಿನ ಹೆಸರೇ ಹೇಳದಿದ್ದರೂ ಎದುರಿನವರ ಕೈ ಸರಿಯಾದ ವಸ್ತುವಿನ ಕಡೆ ಹೋಗುತ್ತದೆ.

ಅತಿ ಅನ್ನಿಸಿತಾ? ನಾವು ಸೀರೆ ಉಡುತ್ತೇವೆ, ಅಂಗಿ ತೊಡುತ್ತೇವೆ, ಹೂ ಮುಡಿಯುತ್ತೇವೆ, ಚಪ್ಪಲಿ ಮೆಟ್ಟುತ್ತೇವೆ. ಬಟ್ಟೆ ಒಗೆಯುತ್ತೇವೆ, ಪಾತ್ರೆ ತೊಳೆಯುತ್ತೇವೆ. ‘ಹೂ ಉಟ್ಟಳು’ ಅಂದರೆ ಮಗು ಕೂಡ ನಗುತ್ತದೆ. ನಮ್ಮಲ್ಲಿ ಅಲ್ಲಲ್ಲಿ ಉಳಿದಿರುವ ಈ ಅಭ್ಯಾಸವನ್ನು ಅವರು ವ್ಯಾಕರಣದ ಬೆನ್ನೆಲುಬೇ ಮಾಡಿಕೊಂಡಿದ್ದಾರೆ.

ಧಾತು ಮಾತ್ರ ಬದಲಾಗದೆ ಇರುತ್ತದೆ, ಅಲ್ವಾ?

ಅಯ್ಯೋ, ಅದೂ ಬದಲಾಗುತ್ತದೆ. ಒಂದೊಂದು ಧಾತುವಿಗೂ ಒಂದು ಕುಟುಂಬ: ನಡೆಯುತ್ತಿರುವಾಗ ಒಂದು ರೂಪ, ಮುಗಿದಾಗ ಒಂದು, ಮುಂದೆ ಆಗುವುದಕ್ಕೆ ಒಂದು. ಭವಿಷ್ಯದ ರೂಪ ಎಷ್ಟೋ ಸಲ ‘ಹ್ಲ್’ನಲ್ಲಿ ಮುಗಿಯುತ್ತದೆ. ‘ಇಹ್ಲ್’ ಮುಂದೆ ನೋಡಲಿರುವುದು ಅಂದದ್ದು ಅದಕ್ಕೇ. ‘ನೆಕ್’ನ ಹಾಗೆ ಗಟ್ಟಿ ವ್ಯಂಜನದಲ್ಲಿ ನಿಲ್ಲುವವು ಅದಕ್ಕೆ ಬಗ್ಗುವುದಿಲ್ಲ. ನಮ್ಮ ‘ಬಾ, ಬರು, ಬಂದ’ ನೋಡಿ ಬೆಳೆದವರು ಇದಕ್ಕೆ ದೂರು ಹೇಳುವ ಹಾಗಿಲ್ಲ.

ಜನ ಜಾಸ್ತಿಯಾದರೂ ಕೆಲವು ಧಾತು ಬದಲಾಗುತ್ತವೆ. ‘ನಿನ್ಯು’ವಿನ ‘ಯು’ ಒಬ್ಬರಿಗೆ ಮಾತ್ರ. ಗುಂಪು ಬಂದರೆ ಧಾತುವೇ ಬೇರೆ.

ಗುಣವಾಚಕ, ನಾಮಪದ ಇವೆಲ್ಲ ಇಲ್ಲವಾ? ಎಲ್ಲಾ ಕ್ರಿಯಾಪದವೇನಾ?

ನಾಮಪದಗಳಿವೆ. ಆದರೆ ‘ಒಳ್ಳೆಯದು’, ‘ದೊಡ್ಡದು’ ಇಂಥವು ಬಹುಪಾಲು ಕ್ರಿಯಾಪದಗಳೇ. ಡೆನಾಯಿನಾದಲ್ಲಿ ‘ಯಾಘಾಲಿ’ ಅಂದರೆ ‘ಚೆನ್ನಾಗಿದೆ’. ಕನ್ನಡದ ‘ಚೆನ್ನಾಗಿದೆ’ಯಲ್ಲೂ ಒಂದು ‘ಇದೆ’ ಕೂತಿದೆ ಅನ್ನುವುದನ್ನು ಗಮನಿಸಿ.

ಎಷ್ಟೋ ನಾಮಪದಗಳು ಕೂಡ ಕ್ರಿಯಾಪದದಿಂದಲೇ ಹುಟ್ಟುತ್ತವೆ. ಕ್ರಿಯಾಪದದ ಹಿಂದೆ ಒಂದು ‘ಇ’ ಹಚ್ಚಿದರೆ ‘ಹಾಗೆ ಮಾಡುವಂಥದ್ದು’ ಅಂತಾಗುತ್ತದೆ. ಕೆಲವಕ್ಕೆ ಆ ‘ಇ’ ಕೂಡ ಬೇಡ: ನವಾಹೋದಲ್ಲಿ ಶಾಲೆಗೆ ‘ಓಲ್ತಾ’, ಅಂದರೆ ‘ಓದು ನಡೆಯುತ್ತದೆ’. ಆಂಕರೇಜ್‌ನ ಪಶ್ಚಿಮದ ತುದಿಯಲ್ಲಿ ಭೂಪಟ ಪಾಯಿಂಟ್ ವೊರೊಂಜಾಫ್ ಅನ್ನುವ ಜಾಗಕ್ಕೆ ಡೆನಾಯಿನಾ ಹೆಸರು ನುಚಿಷ್ತುಂತ್: ಗಾಳಿಯಿಂದ ಮರೆ ಇರುವ ಜಾಗ. ಕೊನೆಯ ‘ತ್’ ಅಂದರೆ ಜಾಗ. ದೋಣಿಯಲ್ಲಿ ಬರುವವನಿಗೆ ಯಾವ ಹೆಸರು ಉಪಯೋಗ, ನೀವೇ ಹೇಳಿ.

ಹೊರಗಿನ ಭಾಷೆಯ ಪದಗಳು ಸೇರಿಲ್ಲವಾ?

ನಾಮಪದಗಳು ಬೇಕಾದಷ್ಟು. 1867ರಲ್ಲಿ ಅಮೆರಿಕಕ್ಕೆ ಮಾರುವ ತನಕ ಅಲಾಸ್ಕಾ ರಷ್ಯಾದ ಕೈಯಲ್ಲಿತ್ತು. ತುಪ್ಪಳದ ವ್ಯಾಪಾರಿಗಳ ಜೊತೆ ಹೊಸ ವಸ್ತುಗಳು ಬಂದವು, ಅವುಗಳ ರಷ್ಯನ್ ಹೆಸರುಗಳೂ ಬಂದವು. ಆದರೆ ಕ್ರಿಯಾಪದದ ಒಳಗೆ ಹೊರಗಿನವರಿಗೆ ಸೀಟು ಸಿಗುವುದು ತೀರಾ ಅಪರೂಪ. ನಾವು ‘ಮಾಡು’ ಹಚ್ಚಿ ಎಲ್ಲವನ್ನೂ ಒಳಗೆ ಬಿಟ್ಟುಕೊಳ್ಳುತ್ತೇವೆ: ಡ್ರೈವ್ ಮಾಡು, ಶಿಫ್ಟ್ ಮಾಡು, ಫಾರ್ವರ್ಡ್ ಮಾಡು. ಅಲ್ಲಿ ಆ ಹಿಂಬಾಗಿಲು ಇಲ್ಲ.

ನಿಘಂಟಿನಲ್ಲಿ ಇಂಥ ಪದವನ್ನು ಹುಡುಕುವುದು ಹೇಗೆ?

ಮೊದಲ ಅಕ್ಷರ ಹಿಡಿದು ಹೋದರೆ ಕೆಟ್ಟಿರಿ. ‘ಮತ್ತೆ’ ಅನ್ನುವ ಎಲ್ಲವೂ ‘ನು’ ಅಡಿಯಲ್ಲಿ ಗುಂಪು ಕಟ್ಟಿಬಿಡುತ್ತವೆ. ಡೆನೆ ಭಾಷೆಗಳ ಎಷ್ಟೋ ದೊಡ್ಡ ನಿಘಂಟುಗಳನ್ನು ಧಾತುವಿನ ಪ್ರಕಾರ ಜೋಡಿಸುತ್ತಾರೆ. ಅಂದರೆ ಪದ ಬಿಡಿಸಲು ಗೊತ್ತಿದ್ದವರಿಗೆ ಮಾತ್ರ ನಿಘಂಟು ಉಪಯೋಗಕ್ಕೆ ಬರುತ್ತದೆ, ಬಿಡಿಸಲು ಗೊತ್ತಿದ್ದವರಿಗೆ ನಿಘಂಟಿನ ಅಗತ್ಯವೇ ಕಡಿಮೆ! ಡೆನಾಯಿನಾಗೆ 2007ರಲ್ಲಿ ಬಂದ, ಭಾಷಾ ವಿಜ್ಞಾನಿ ಜೇಮ್ಸ್ ಕಾರಿ ಅವರ ನಿಘಂಟು ಬೇರೆ ದಾರಿ ಹಿಡಿದಿದೆ. ಅದು ವಿಷಯವಾರು: ಮೀನು, ಹಿಮ, ಮನೆ, ಹೀಗೆ. ಹೊಸಬರಿಗೆ ಅದೇ ವಾಸಿ.

ಇದನ್ನೆಲ್ಲ ಬರೆದಿಟ್ಟವರು ಯಾರು? ಈಗ ಎಷ್ಟು ಜನ ಮಾತಾಡುತ್ತಾರೆ?

ಶಾಲೆಗಳಲ್ಲಿ ಮಕ್ಕಳು ಮನೆಮಾತು ಆಡಿದರೆ ಶಿಕ್ಷೆ ಕೊಡುತ್ತಿದ್ದ ಕಾಲ ಅಲಾಸ್ಕಾದಲ್ಲಿ ಇತ್ತು. ಹಾಗೆ ಬೆಳೆದವರು ತಮ್ಮ ಮಕ್ಕಳಿಗೆ ಭಾಷೆ ದಾಟಿಸಲಿಲ್ಲ. ಚೆನ್ನಾಗಿ ಮಾತಾಡುವವರು ಈಗ ನೂರಕ್ಕೂ ಕಡಿಮೆ, ಅವರಲ್ಲೂ ವಯಸ್ಸಾದವರೇ ಹೆಚ್ಚು.

1972ರಲ್ಲಿ ಫೇರ್‌ಬ್ಯಾಂಕ್ಸ್‌ನ ವಿಶ್ವವಿದ್ಯಾಲಯದಲ್ಲಿ ಅಲಾಸ್ಕಾದ ಮೂಲ ಭಾಷೆಗಳಿಗೆ ಅಂತ ಒಂದು ಕೇಂದ್ರ ಶುರುವಾಯಿತು. ಅಲ್ಲಿನ ಜೇಮ್ಸ್ ಕಾರಿ ಹತ್ತಾರು ವರ್ಷ ಹಿರಿಯರ ಜೊತೆ ಕೂತು ಕೆಲಸ ಮಾಡಿದರು. ನನಗೆ ಅವರಿಗಿಂತ ಜಾಸ್ತಿ ಕುತೂಹಲ ಇರುವುದು ಕುಕ್ ಇನ್ಲೆಟ್ ದಂಡೆಯ ಕೀನಾಯ್ ಕಡೆಯ ಪೀಟರ್ ಕಲಿಫಾರ್ನ್ಸ್ಕಿ ಬಗ್ಗೆ. ಹುಟ್ಟಿದ್ದು 1911ರಲ್ಲಿ, ತೀರಿಕೊಂಡದ್ದು 1993ರಲ್ಲಿ. ತಮ್ಮ ಭಾಷೆಯ ಬರಹ ಕಲಿತಾಗ ಅವರಿಗೆ ಅರವತ್ತು ದಾಟಿತ್ತು. ಆಮೇಲೆ ಕಥೆ, ಹಾಡು, ನೆನಪು ಎಲ್ಲವನ್ನೂ ತಾವೇ ಡೆನಾಯಿನಾದಲ್ಲಿ ಬರೆದರು. ಅವರ ಪೂರ್ವಿಕರೊಬ್ಬರು ರಷ್ಯನ್ನರ ಕಾಲದಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೋಗಿ ದುಡಿದು ಬಂದಿದ್ದರು, ಮನೆತನದ ಹೆಸರು ಅಲ್ಲಿಂದ ಬಂತು.

2014ರಲ್ಲಿ ಅಲಾಸ್ಕಾ ತನ್ನ 20 ಮೂಲ ಭಾಷೆಗಳಿಗೆ ಅಧಿಕೃತ ಸ್ಥಾನ ಕೊಟ್ಟಿತು. ಡೆನಾಯಿನಾ ಅದರಲ್ಲಿ ಒಂದು.

ಸೈಬೀರಿಯಾದ ಭಾಷೆಯ ಜೊತೆ ನಂಟು ಇದೆ ಅನ್ನುತ್ತಾರಲ್ಲ?

2008ರಲ್ಲಿ ಎಡ್ವರ್ಡ್ ವಾಯ್ಡಾ ಅನ್ನುವ ಭಾಷಾ ವಿಜ್ಞಾನಿ ಆ ವಾದ ಮುಂದಿಟ್ಟರು. ಯೆನಿಸೇ ನದಿಯ ಕಡೆಯ ಕೆಟ್ ಭಾಷೆಯಲ್ಲೂ ಕ್ರಿಯಾಪದ ಹೀಗೇ ಸೀಟು ಸೀಟಾಗಿ ಕಟ್ಟಿದ್ದು. ಅವರು ಹೋಲಿಸಿದ್ದು ಬರೀ ಪದಗಳನ್ನಲ್ಲ, ಸೀಟಿನ ಕ್ರಮವನ್ನೂ. ಕೆಲವರು ಒಪ್ಪಿದರು, ಕೆಲವರು ಒಪ್ಪಿಲ್ಲ. ನನಗಂತೂ ಪದಗಳ ಪಟ್ಟಿಗಿಂತ ಈ ಥರದ ಸಾಕ್ಷಿ ಹೆಚ್ಚು ರುಚಿಸುತ್ತದೆ. ಪದವನ್ನು ಪಕ್ಕದ ಮನೆಯಿಂದ ಸಾಲ ತರಬಹುದು. ಕ್ರಿಯಾಪದದ ಒಳಗಿನ ಸೀಟಿಂಗ್ ಚಾರ್ಟ್ ಸಾಲ ತರುವುದು ಕಷ್ಟ.

ಕಲಿಯಬೇಕು ಅನ್ನಿಸಿದೆ. ಮೊದಲು ಏನು ಮಾಡಲಿ?

ಚಾರ್ಟ್ ಬಾಯಿಪಾಠ ಮಾಡಬೇಡಿ. ನಾನು ಅದರಲ್ಲಿ ಒಂದು ತಿಂಗಳು ಹಾಳು ಮಾಡಿದೆ. ಪೂರ್ತಿ ಪದಗಳನ್ನು ಕಲಿಯಿರಿ, ನಿಜವಾಗಿ ಯಾರಾದರೂ ಯಾರಿಗಾದರೂ ಹೇಳುವಂಥವು. ಹಿರಿಯರ ಧ್ವನಿಮುದ್ರಣ ಕೇಳುವಾಗ ಪದದ ಶುರುವನ್ನು ಬಿಟ್ಟುಬಿಡಿ, ಕೊನೆಯ ತುಣುಕಿಗೆ ಕಿವಿ ಕೊಡಿ. ‘ಯು’ ಕೇಳಿಸಿತಾ? ಯಾರೋ ಒಬ್ಬರು ನಡೆದಿದ್ದಾರೆ. ಎಲ್ಲಿಂದ, ಎಲ್ಲಿಗೆ, ಮತ್ತೆ ಬಂದರಾ ಅನ್ನುವುದನ್ನು ಎರಡನೇ ಸಲ ಕೇಳುವಾಗ ನೋಡಿಕೊಳ್ಳಬಹುದು.